ಸತ್ಯಘೋಷನ ಕಿರುಗತ್ತಿ: ಪ್ರಾಚೀನ ಸಾಹಿತ್ಯದಲ್ಲಿ ವಂಚನೆಯ ವಿಚಾರ

ಮೋಸಹೋದವರನ್ನು ಕುರಿತು ಲೋಕದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಅವರು ದುರಾಸೆಯವರು ಎಂಬುದು ಒಂದು. ತಿಳಿವಳಿಕೆ ಸಾಲದವರು ಎಂಬುದು ಇನ್ನೊಂದು. ಇವುಗಳಲ್ಲಿ ಯಾವುದನ್ನು ಒಪ್ಪಿದರೂ ವಿಚಾರ ಅಲ್ಲಿಗೇ ನಿಂತುಹೋಗುತ್ತದೆ. ವಂಚಕನು ಏನು ಮಾಡಿದನು, ಹೇಗೆ ಮಾಡಿದನು ಎಂಬ ಪ್ರಶ್ನೆ ಹಿಂದೆ ಸರಿದು, ವಂಚಿತನ ದೋಷವೊಂದೇ ಮುಂದೆ ಉಳಿಯುತ್ತದೆ. ಪ್ರಾಚೀನ ಭಾರತದ ಕಥಾಕಾರರೂ ಶಾಸ್ತ್ರಕಾರರೂ ಇಷ್ಟಕ್ಕೆ ತೃಪ್ತರಾದವರಲ್ಲ. ಸಂಸ್ಕೃತ ಮತ್ತು ಪ್ರಾಕೃತ ಕಥಾಗ್ರಂಥಗಳು, ಶ್ರಾವಕಾಚಾರಗಳು, ಅರ್ಥಶಾಸ್ತ್ರ, ಸ್ಮೃತಿಗಳು ಮತ್ತು ತಾಮ್ರಶಾಸನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ವಂಚನೆಯ ಕ್ರಮವನ್ನು ಅವರು ಬಿಡಿಬಿಡಿಯಾಗಿ ಪರಿಶೀಲಿಸಿದ್ದರೆಂಬುದು ತಿಳಿಯುತ್ತದೆ. ಆ ಪರಿಶೀಲನೆಯ ಫಲವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ವಂಚಕನು ಹಿಡಿಯುವುದು ಅನೇಕ ವೇಳೆ ಮನುಷ್ಯನ ದುರ್ಗುಣವನ್ನಲ್ಲ, ಸದ್ಗುಣವನ್ನು. ಶ್ರದ್ಧೆ, ವಿನಯ, ಕರುಣೆ, ಲೋಕಾಪವಾದದ ಭೀತಿ ಇವೇ ಅವನ ಹಿಡಿಕೆಗಳು.

ಸಂಸ್ಕೃತದಲ್ಲಿ ವಂಚಕನಿಗಿರುವ ಹೆಸರುಗಳೇ ಈ ಸೂಕ್ಷ್ಮತೆಯನ್ನು ತೋರಿಸುತ್ತವೆ. ಕಿತವನೆಂದರೆ ಮೂಲತಃ ಜೂಜುಗಾರ, ಕುಹಕನು ಇಂದ್ರಜಾಲದವನು, ದಾಂಭಿಕನು ಇಲ್ಲದ ಆಚಾರವನ್ನು ಮೆರೆಸುವವನು. ಒಬ್ಬನು ಆಟದಿಂದ, ಇನ್ನೊಬ್ಬನು ಕಣ್ಕಟ್ಟಿನಿಂದ, ಮತ್ತೊಬ್ಬನು ನಡತೆಯ ಪ್ರದರ್ಶನದಿಂದ ಕಾರ್ಯ ಸಾಧಿಸುತ್ತಾನೆ. ಇವರಲ್ಲಿ ಕಥಾಕಾರರ ಹೆಚ್ಚಿನ ಗಮನ ಸೆಳೆದವನು ಮೂರನೆಯವನು.

ಸಿಂಹಪುರದ ಪುರೋಹಿತ

ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಐದು ಪಾಪಗಳಿಗೆ ಐದು ಉದಾಹರಣೆಗಳನ್ನು ಕೇವಲ ಹೆಸರಿನಿಂದ ಸೂಚಿಸುತ್ತದೆ. ಅಸತ್ಯಕ್ಕೆ ಕೊಟ್ಟಿರುವ ಹೆಸರು ಸತ್ಯಘೋಷ. ಸುಳ್ಳುಗಾರನ ಹೆಸರೇ ಸತ್ಯವನ್ನು ಸಾರುವವನು ಎಂದಿರುವುದು ಆಕಸ್ಮಿಕವಲ್ಲ. ಪ್ರಭಾಚಂದ್ರರ ಟೀಕೆಯಲ್ಲಿ ಅವನ ಕಥೆ ಪೂರ್ಣವಾಗಿ ಬಂದಿದೆ. 898ರಲ್ಲಿ ಬಂಕಾಪುರದಲ್ಲಿ ಪೂಜಿತವಾದ ಗುಣಭದ್ರಾಚಾರ್ಯರ 'ಉತ್ತರಪುರಾಣ'ದಲ್ಲಿಯೂ ಇದೇ ಕಥೆ ಅಲ್ಪಸ್ವಲ್ಪ ವ್ಯತ್ಯಾಸಗಳೊಂದಿಗೆ ದೊರೆಯುತ್ತದೆ.

ಸಿಂಹಪುರದ ಅರಸ ಸಿಂಹಸೇನ, ಅರಸಿ ರಾಮದತ್ತೆ, ಪುರೋಹಿತ ಶ್ರೀಭೂತಿ. ಈ ಶ್ರೀಭೂತಿಯು ತನ್ನ ಯಜ್ಞೋಪವೀತಕ್ಕೆ ಕಿರುಗತ್ತಿಯೊಂದನ್ನು ಕಟ್ಟಿಕೊಂಡು ತಿರುಗುತ್ತಿದ್ದನು. ತಪ್ಪಿ ಒಂದು ಸುಳ್ಳಾಡಿದರೂ ಇದರಿಂದಲೇ ತನ್ನ ನಾಲಗೆಯನ್ನು ಕತ್ತರಿಸಿಕೊಳ್ಳುವುದಾಗಿ ಹೇಳಿಕೊಳ್ಳುತ್ತಿದ್ದನು. ಜನರು ಅವನನ್ನು ಸತ್ಯಘೋಷನೆಂದು ಕರೆದರು. ತಮ್ಮ ಧನವನ್ನು ಅವನಲ್ಲಿ ಇಡುಗಂಟಾಗಿ ಇಡತೊಡಗಿದರು. ದೂರದ ಊರಿನ ವರ್ತಕನೊಬ್ಬನೂ ತನ್ನ ಐದು ಅಮೂಲ್ಯ ರತ್ನಗಳನ್ನು ಅವನಿಗೆ ಒಪ್ಪಿಸಿ ಕಡಲ ವ್ಯಾಪಾರಕ್ಕೆ ಹೊರಟನು. ಪ್ರಭಾಚಂದ್ರರು ಅವನನ್ನು ಸಮುದ್ರದತ್ತನೆಂದೂ ಗುಣಭದ್ರರು ಭದ್ರಮಿತ್ರನೆಂದೂ ಕರೆಯುತ್ತಾರೆ.

ಮರಳುವಾಗ ವರ್ತಕನ ಹಡಗು ಒಡೆಯಿತು. ಎಲ್ಲವನ್ನೂ ಕಳೆದುಕೊಂಡು ಭಿಕ್ಷುಕನಂತೆ ಅವನು ಸಿಂಹಪುರಕ್ಕೆ ಬಂದನು. ಪ್ರಭಾಚಂದ್ರರ ಕಥನದಲ್ಲಿ ಇಲ್ಲಿಯ ಒಂದು ವಿವರ ವಿಶೇಷ ಗಮನಕ್ಕೆ ಯೋಗ್ಯವಾಗಿದೆ. ವರ್ತಕನು ದೂರದಲ್ಲಿ ಬರುತ್ತಿರುವುದನ್ನು ಕಂಡ ಸತ್ಯಘೋಷನು, ಅವನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಕುಳಿತಿದ್ದವರಿಗೆ ಹೇಳುತ್ತಾನೆ: ಈ ಮನುಷ್ಯನ ಹಡಗು ಮುಳುಗಿದೆ, ಅದರಿಂದ ಬುದ್ಧಿ ಕೆಟ್ಟಿದೆ, ಈಗ ಇಲ್ಲಿಗೆ ಬಂದು ನನ್ನಲ್ಲಿ ರತ್ನಗಳನ್ನು ಕೇಳುತ್ತಾನೆ. ವರ್ತಕನು ಬಂದು ಕೇಳಿದ್ದೂ ಅದನ್ನೇ. ಆ ಕ್ಷಣದಲ್ಲಿ ನಿಜವಾದ ಮಾತೇ ಹುಚ್ಚಿನ ಲಕ್ಷಣವಾಯಿತು. ಸುಳ್ಳು ಮುನ್ಸೂಚನೆಯು ಕಣ್ಣೆದುರೇ ಫಲಿಸಿ ಸತ್ಯವೆನಿಸಿತು. ಜನರು ವರ್ತಕನನ್ನು ಹೊರಗೆ ತಳ್ಳಿದರು. ಅರಸನೂ ಅವನ ದೂರನ್ನು ಲಕ್ಷಿಸಲಿಲ್ಲ.

ವರ್ತಕನು ಅರಮನೆಯ ಬಳಿಯ ಹುಣಸೆಯ ಮರವನ್ನೇರಿ, ಪ್ರತಿದಿನ ರಾತ್ರಿಯ ಕೊನೆಯ ಜಾವದಲ್ಲಿ ಸತ್ಯಘೋಷನು ತನ್ನ ರತ್ನಗಳನ್ನು ಕೊಡಲಿಲ್ಲವೆಂದು ಕೂಗತೊಡಗಿದನು. ಹೀಗೆ ಆರು ತಿಂಗಳು ಕಳೆದವು. ಊರಿಗೆಲ್ಲ ಅದು ಹುಚ್ಚನ ಕೂಗು. ಆದರೆ ಅರಸಿ ರಾಮದತ್ತೆಗೆ ಬೇರೊಂದು ವಿಚಾರ ಹೊಳೆಯಿತು: ಹುಚ್ಚನು ದಿನಕ್ಕೊಂದು ಮಾತಾಡುತ್ತಾನೆ, ಇವನು ದಿನವೂ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುತ್ತಿದ್ದಾನೆ. ಆದುದರಿಂದ ಇವನು ಹುಚ್ಚನಲ್ಲ.

ಅರಸನ ಅನುಮತಿ ಪಡೆದ ರಾಮದತ್ತೆಯು ಪುರೋಹಿತನನ್ನು ಪಗಡೆಯಾಟಕ್ಕೆ ಕರೆದಳು. ಆಟ ನಡೆಯುತ್ತಿರುವಾಗಲೇ ನಿಪುಣಮತಿ ಎಂಬ ಚತುರೆಯನ್ನು ಅವನ ಮನೆಗೆ ಕಳುಹಿಸಿ, ರತ್ನಗಳನ್ನು ಕೊಡಬೇಕೆಂದು ಪುರೋಹಿತನೇ ಹೇಳಿಕಳುಹಿಸಿದ್ದಾನೆಂದು ಕೇಳಿಸಿದಳು. ಅವನ ಹೆಂಡತಿ ಕೊಡಲಿಲ್ಲ. ಆಟದಲ್ಲಿ ಗೆದ್ದ ಉಂಗುರವನ್ನು ಗುರುತಾಗಿ ಕಳುಹಿಸಿದರೂ ಕೊಡಲಿಲ್ಲ. ಕೊನೆಗೆ ಕಿರುಗತ್ತಿ ಸಹಿತವಾದ ಯಜ್ಞೋಪವೀತವನ್ನು ಗೆದ್ದು ಕಳುಹಿಸಿದಾಗ ಆಕೆ ರತ್ನಗಳನ್ನು ತಂದೊಪ್ಪಿಸಿದಳು. ಊರನ್ನು ನಂಬಿಸಿದ ಚಿಹ್ನೆಯೇ ಮನೆಯ ಪೆಟ್ಟಿಗೆಯನ್ನೂ ತೆರೆಯಿಸಿತು.

ಅರಸನ ಪರೀಕ್ಷೆ ಅಲ್ಲಿಗೂ ಮುಗಿಯಲಿಲ್ಲ. ಆ ಐದು ರತ್ನಗಳನ್ನು ತನ್ನ ಭಂಡಾರದ ಅನೇಕ ರತ್ನಗಳೊಡನೆ ಬೆರೆಸಿ, ನಿನ್ನವನ್ನು ಆರಿಸಿಕೋ ಎಂದು ವರ್ತಕನಿಗೆ ಹೇಳಿದನು. ವರ್ತಕನು ತನ್ನ ಐದನ್ನು ಮಾತ್ರ ಆರಿಸಿಕೊಂಡನು. ಆರೋಪಿಯನ್ನು ಪರೀಕ್ಷಿಸಿದಂತೆ ದೂರುದಾರನನ್ನೂ ಪರೀಕ್ಷಿಸಿದ ಮೇಲೆಯೇ ತೀರ್ಪು ಬಂದಿತು.

ಶಿವಾರ್ಯರ 'ಭಗವತೀ ಆರಾಧನೆ'ಯ ಪರಂಪರೆಯಲ್ಲಿ ಇದೇ ಶ್ರೀಭೂತಿ ಚೌರ್ಯಕ್ಕೆ ದೃಷ್ಟಾಂತವಾಗಿದ್ದಾನೆ, ಸಮಂತಭದ್ರರಲ್ಲಿ ಅಸತ್ಯಕ್ಕೆ. ಒಂದೇ ಕಥೆ ಎರಡು ಪಾಪಗಳಿಗೆ ಉದಾಹರಣೆಯಾಗಿರುವುದು ಗೊಂದಲವಲ್ಲ. ವಂಚನೆಯೆಂದರೆ ಕದಿಯುವವನು ಕೈಯಿಂದಲ್ಲದೆ ಮಾತಿನಿಂದ ಕದಿಯುವುದು. ಕಳೆದುಕೊಳ್ಳುವವನೇ ತನ್ನ ಕೈಯಾರೆ ತಂದು ಕೊಡುತ್ತಾನೆ. ಬಲಾತ್ಕಾರದ ಗುರುತು ಎಲ್ಲಿಯೂ ಇರುವುದಿಲ್ಲ. ಆದುದರಿಂದಲೇ ಅದನ್ನು ಸಾಬೀತುಪಡಿಸುವುದು ಕಷ್ಟ, ವಂಚಿತನನ್ನು ದೂಷಿಸುವುದು ಸುಲಭ.

ಹುಲ್ಲುಕಡ್ಡಿಯ ಪ್ರಾಮಾಣಿಕತೆ

ಸಮಂತಭದ್ರರು ಚೌರ್ಯಕ್ಕೆ ಸೂಚಿಸುವುದು ಒಬ್ಬ ತಾಪಸನನ್ನು. ಟೀಕೆಯ ಪ್ರಕಾರ ಅವನು ಕೌಶಾಂಬಿಯ ಕಳ್ಳ. ಪರರ ನೆಲವನ್ನೂ ಮುಟ್ಟಬಾರದೆಂಬ ವ್ರತ ತನಗಿದೆಯೆಂದು ತೋರಿಸಿಕೊಳ್ಳಲು ಅವನು ಮರಕ್ಕೆ ನೇತುಹಾಕಿದ ನೆಲುವಿನಲ್ಲಿ ಕುಳಿತಿರುತ್ತಿದ್ದನು. ಹಗಲು ಪಂಚಾಗ್ನಿ ತಪಸ್ಸು, ಇರುಳು ಊರಿನ ಲೂಟಿ. ನೆಲವನ್ನೇ ಮುಟ್ಟದವನು ನೆಲದ ಮೇಲಿನ ವಸ್ತುವನ್ನು ಮುಟ್ಟುವನೆಂದು ಯಾರು ಶಂಕಿಸುತ್ತಾರೆ?

ಈ ಕಥೆಯೊಳಗೆ ಇನ್ನೊಂದು ಕಿರುಕಥೆಯಿದೆ. ಊಳಿಗದ ಹುಡುಗನೊಬ್ಬನು ವೃದ್ಧ ಬ್ರಾಹ್ಮಣನೊಡನೆ ಪ್ರಯಾಣ ಮಾಡುತ್ತಿರುತ್ತಾನೆ. ವೃದ್ಧನು ತನ್ನ ಚಿನ್ನವನ್ನು ಬಿದಿರ ಕೋಲಿನೊಳಗೆ ಅಡಗಿಸಿಟ್ಟುಕೊಂಡಿದ್ದಾನೆ. ಹಿಂದಿನ ರಾತ್ರಿ ತಂಗಿದ್ದ ಮನೆಯ ಹುಲ್ಲುಕಡ್ಡಿಯೊಂದು ತನ್ನ ತಲೆಗೆ ಅಂಟಿಕೊಂಡು ಬಂದಿದೆಯೆಂದೂ, ಕೊಡದ ವಸ್ತುವನ್ನು ತಂದರೆ ಕಳವಾಗುವುದೆಂದೂ ಹೇಳಿದ ಹುಡುಗನು ಅಷ್ಟು ದೂರ ಹಿಂದಿರುಗಿ ಹೋಗಿ ಅದನ್ನು ಹಿಂತಿರುಗಿಸಿ ಬರುತ್ತಾನೆ. ವೃದ್ಧನ ನಂಬಿಕೆ ದೃಢವಾಗುತ್ತದೆ. ಮುಂದೆ ನಾಯಿಗಳನ್ನು ಓಡಿಸಲೆಂದು ಕೋಲನ್ನು ಅವನ ಕೈಗೆ ಕೊಟ್ಟಾಗ ಅವನು ಕೋಲಿನೊಡನೆ ಮಾಯವಾಗುತ್ತಾನೆ. ಮೊದಲು ಸಣ್ಣ ಮೊತ್ತವನ್ನು ಚಾಚೂತಪ್ಪದೆ ಹಿಂದಿರುಗಿಸಿ, ಆಮೇಲೆ ದೊಡ್ಡದನ್ನು ಕೊಂಡೊಯ್ಯುವ ಈ ವಿಧಾನಕ್ಕೆ ಹುಲ್ಲುಕಡ್ಡಿಗಿಂತ ಅಚ್ಚುಕಟ್ಟಾದ ರೂಪಕ ದೊರೆಯುವುದು ಕಷ್ಟ. ಕಡ್ಡಿಗೆ ಬೆಲೆಯಿಲ್ಲ, ಅದನ್ನು ಹಿಂದಿರುಗಿಸಿದ ಶ್ರಮಕ್ಕೆ ಬೆಲೆಯಿದೆ. ಆ ಶ್ರಮವೇ ವಂಚಕನ ಬಂಡವಾಳ.

ಈ ತಂತ್ರದ ಯಂತ್ರಭಾಗಗಳನ್ನು ಬಿಚ್ಚಿ ತೋರಿಸುವ ಗ್ರಂಥ ಕೌಟಿಲ್ಯನ 'ಅರ್ಥಶಾಸ್ತ್ರ'. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಇದರ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಗೂಢಚಾರರನ್ನು ಕುರಿತ ಪ್ರಕರಣದಲ್ಲಿ ತಾಪಸವೇಷಧಾರಿಯೊಬ್ಬನ ವರ್ಣನೆಯಿದೆ. ಅವನು ಊರ ಹೊರಗೆ ಶಿಷ್ಯರೊಡನೆ ನೆಲೆಸಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಒಂದು ಹಿಡಿ ಸೊಪ್ಪನ್ನೋ ಜವೆಯನ್ನೋ ಎಲ್ಲರ ಮುಂದೆ ತಿನ್ನಬೇಕು. ಇಷ್ಟವಾದ ಊಟವನ್ನು ಗುಟ್ಟಾಗಿ ಮಾಡಬೇಕು. ವರ್ತಕವೇಷದ ಅನುಚರರು ಬಂದು ಅವನನ್ನು ಪೂಜಿಸಬೇಕು. ಶಿಷ್ಯರು ಅವನನ್ನು ಸಿದ್ಧನೆಂದು ಸಾರಬೇಕು. ಅವನು ನುಡಿದ ಭವಿಷ್ಯವನ್ನು ಇತರ ಗೂಢಚಾರರು ಗುಟ್ಟಾಗಿ ನಡೆಸಿಕೊಡಬೇಕು. ಇಲ್ಲಿ ಮೂರು ಅಂಗಗಳು ಸ್ಪಷ್ಟವಾಗಿವೆ: ಕಣ್ಣಿಗೆ ಕಾಣುವ ತ್ಯಾಗ, ಮೊದಲೇ ಸಿದ್ಧಪಡಿಸಿದ ಸಾಕ್ಷಿಗಳು, ತಾವೇ ಫಲಿಸುವಂತೆ ಮಾಡಿದ ಭವಿಷ್ಯ. ಸತ್ಯಘೋಷನು ಒಬ್ಬನೇ ಮಾಡಿದ್ದನ್ನು ಅರ್ಥಶಾಸ್ತ್ರವು ಒಂದು ಇಲಾಖೆಯ ಕಾರ್ಯವಿಧಾನವಾಗಿ ಬರೆದಿಟ್ಟಿದೆ. ಪ್ರಜೆಗಳನ್ನು ವಂಚಕರಿಂದ ರಕ್ಷಿಸಬೇಕಾದ ರಾಜ್ಯವೇ ವಂಚನೆಯ ಪಾಠವನ್ನು ಇಷ್ಟು ಚೆನ್ನಾಗಿ ಬಲ್ಲದೆಂಬುದು ಈ ಗ್ರಂಥದ ಓದುಗರನ್ನು ಇಂದಿಗೂ ಕಾಡುವ ಸಂಗತಿ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕವಿ ಕ್ಷೇಮೇಂದ್ರನು ಇದನ್ನೇ ಹಾಸ್ಯವಾಗಿಸಿದನು. ಅವನ 'ಕಲಾವಿಲಾಸ'ದ ಮೊದಲ ಸರ್ಗದಲ್ಲಿ ದಂಭವೇ ಮೂರ್ತಿವೆತ್ತು ಬ್ರಹ್ಮಸಭೆಗೆ ಬರುತ್ತದೆ. ಅದರ ಆಚಾರನಿಷ್ಠೆಗೆ ಬೆರಗಾದ ಬ್ರಹ್ಮನು ತನ್ನ ತೊಡೆಯನ್ನೇ ಆಸನವಾಗಿ ಕೊಟ್ಟರೆ, ದಂಭವು ನೀರು ಚಿಮುಕಿಸಿ ಆ ತೊಡೆಯನ್ನು ಶುದ್ಧಿಮಾಡಿಕೊಂಡು ಕುಳಿತುಕೊಳ್ಳುತ್ತದೆ. ತನಗೆ ಉಸಿರು ತಾಗದಂತೆ ಬಾಯಿ ಮುಚ್ಚಿಕೊಂಡು ಮಾತನಾಡೆಂದು ಸೃಷ್ಟಿಕರ್ತನಿಗೇ ಹೇಳುತ್ತದೆ. ಅಳತೆ ಮೀರಿದ ಶುಚಿಯು ತಾನೇ ಒಂದು ಸುಳಿವೆಂಬುದು ಕವಿಯ ಅಭಿಪ್ರಾಯ.

ಒಂದು ಮೇಕೆ, ಎರಡು ಪಾಠಗಳು

ಮೂವರು ಧೂರ್ತರು ಬ್ರಾಹ್ಮಣನ ಮೇಕೆಯನ್ನು ಅಪಹರಿಸಿದ ಕಥೆ ಮಕ್ಕಳಿಗೂ ಪರಿಚಿತ. ಆದರೆ ಅದರ ಎರಡು ಪಾಠಗಳು ಮನವೊಲಿಕೆಯ ಎರಡು ಬೇರೆ ಸಿದ್ಧಾಂತಗಳನ್ನು ಹೇಳುತ್ತವೆಂಬುದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ನಾರಾಯಣ ಪಂಡಿತನ 'ಹಿತೋಪದೇಶ'ದಲ್ಲಿ ಮೂವರು ಧೂರ್ತರು ಒಂದೊಂದು ಹರಿದಾರಿಯ ಅಂತರದಲ್ಲಿ ಮೂರು ಮರಗಳ ಕೆಳಗೆ ಕುಳಿತಿರುತ್ತಾರೆ. ಮೂವರೂ ಹೇಳುವುದು ಒಂದೇ ಮಾತು: ನಾಯಿಯನ್ನೇಕೆ ಹೊತ್ತಿದ್ದೀಯೆ? ಮೊದಲನೆಯವನನ್ನು ಬ್ರಾಹ್ಮಣನು ಲಕ್ಷಿಸುವುದಿಲ್ಲ. ಎರಡನೆಯವನು ಹೇಳಿದಾಗ ಮೇಕೆಯನ್ನು ಕೆಳಗಿಳಿಸಿ ಮತ್ತೆ ಮತ್ತೆ ನೋಡುತ್ತಾನೆ. ಮೇಕೆಯೆಂದೇ ಕಂಡರೂ ತೂಗುವ ಮನಸ್ಸಿನಿಂದ ಮುಂದೆ ನಡೆಯುತ್ತಾನೆ. ಮೂರನೆಯವನು ಹೇಳಿದಾಗ ಅದನ್ನು ಬಿಟ್ಟು, ಸ್ನಾನಮಾಡಿ ಮನೆಗೆ ಹೋಗುತ್ತಾನೆ. ಇಲ್ಲಿ ಗೆದ್ದದ್ದು ಪುನರುಕ್ತಿ. ಒಬ್ಬರಿಗೊಬ್ಬರು ಸಂಬಂಧವಿಲ್ಲದವರಂತೆ ತೋರುವ ಮೂವರು ಒಂದೇ ಮಾತನ್ನಾಡಿದಾಗ ಸ್ವಂತ ಕಣ್ಣಿನ ಸಾಕ್ಷ್ಯವೂ ಸೋಲುತ್ತದೆ. ಹಲವರ ಮಾತಿಗೆ ತನ್ನೊಬ್ಬನ ಕಣ್ಣಿಗಿಂತ ಹೆಚ್ಚಿನ ಗೌರವ ಕೊಡುವುದು ವಿನಯವೇ ಹೊರತು ಮೂಢತನವಲ್ಲ.

ಜೈನ ಯತಿ ಪೂರ್ಣಭದ್ರನು 1199ರಲ್ಲಿ ಸಂಪಾದಿಸಿದ ಪಂಚತಂತ್ರದ ಪಾಠದಲ್ಲಿ ಕ್ರಮವೇ ಬೇರೆ. ಒಬ್ಬನು ನಾಯಿಯೆನ್ನುತ್ತಾನೆ, ಇನ್ನೊಬ್ಬನು ಸತ್ತ ಕರುವೆನ್ನುತ್ತಾನೆ, ಮೂರನೆಯವನು ಕತ್ತೆಯೆನ್ನುತ್ತಾನೆ. ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದರೆ ಸಂಶಯ ಬರಬೇಕಾದದ್ದು ಸಾಕ್ಷಿಗಳ ಮೇಲೆ. ಆದರೆ ಬ್ರಾಹ್ಮಣನಿಗೆ ಸಂಶಯ ಬರುವುದು ಮೇಕೆಯ ಮೇಲೆ. ಕ್ಷಣಕ್ಕೊಂದು ರೂಪ ತಾಳುವ ಇದು ರಾಕ್ಷಸನೇ ಇರಬೇಕೆಂದು ಹೆದರಿ, ಅದನ್ನು ಎಸೆದು ಓಡುತ್ತಾನೆ. ಇಲ್ಲಿ ಗೆದ್ದದ್ದು ಗೊಂದಲ ಮತ್ತು ಭಯ. ಮೊದಲ ಪಾಠದ ಧೂರ್ತರು ಒಂದು ಸುಳ್ಳನ್ನು ನಂಬಿಸುತ್ತಾರೆ. ಎರಡನೆಯ ಪಾಠದವರು ಯಾವುದನ್ನೂ ನಂಬದ ಸ್ಥಿತಿಗೆ ತಂದು, ವಿಚಾರಿಸುವ ಶಕ್ತಿಯನ್ನೇ ಕಸಿಯುತ್ತಾರೆ.

ಭಯದಿಂದ ವಂಚಿಸುವ ವಿಧಾನಕ್ಕೆ ಇನ್ನೊಂದು ತೀಕ್ಷ್ಣ ನಿದರ್ಶನ ಎಂಟನೆಯ ಶತಮಾನದ ಹರಿಭದ್ರಸೂರಿಗಳ ಪ್ರಾಕೃತ 'ಧೂರ್ತಾಖ್ಯಾನ'ದಲ್ಲಿದೆ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಜನಿಸಿದ ವಿದ್ವಾಂಸ ಆ. ನೇ. ಉಪಾಧ್ಯೆ ಅವರ ವಿಮರ್ಶಾತ್ಮಕ ಅಧ್ಯಯನದೊಡನೆ ಈ ಕೃತಿ 1944ರಲ್ಲಿ ಪ್ರಕಟವಾಯಿತು. ಉಜ್ಜಯಿನಿಯ ಉದ್ಯಾನದಲ್ಲಿ ಮಳೆಗೆ ಸಿಕ್ಕಿಬಿದ್ದ ಐವರು ಧೂರ್ತರ ಕಥಾಸ್ಪರ್ಧೆ ಇದರ ವಸ್ತು. ಗೆದ್ದ ಖಂಡಪಾನೆಯು ಎಲ್ಲರಿಗೂ ಊಟ ಹಾಕಿಸುವ ಹೊಣೆ ಹೊರುತ್ತಾಳೆ. ಶ್ಮಶಾನದಿಂದ ಸತ್ತ ಶಿಶುವೊಂದನ್ನು ತಂದು, ಸಿಂಗರಿಸಿ ಎತ್ತಿಕೊಂಡು, ಶ್ರೀಮಂತ ಶ್ರೇಷ್ಠಿಯೊಬ್ಬನ ಬಳಿಗೆ ಸಹಾಯ ಬೇಡಲು ಹೋಗುತ್ತಾಳೆ. ಕೆಲಸದಲ್ಲಿ ಮುಳುಗಿದ್ದ ಅವನು ಸಿಟ್ಟಾಗಿ ಆಳುಗಳಿಂದ ಅವಳನ್ನು ಹೊರಗೆ ತಳ್ಳಿಸುತ್ತಾನೆ. ಅವಳು ಕೆಳಗೆ ಬಿದ್ದು, ಮಗುವನ್ನು ಕೊಂದರೆಂದು ಬೊಬ್ಬೆಯಿಡುತ್ತಾಳೆ. ಗಾಬರಿಗೊಂಡ ಶ್ರೇಷ್ಠಿಯು ಬೆಲೆಬಾಳುವ ಆಭರಣವನ್ನಿತ್ತು ಅವಳನ್ನು ಸಾಗಹಾಕುತ್ತಾನೆ. ಅವನಿಗೆ ಲಾಭದ ಆಸೆಯಿರಲಿಲ್ಲ. ಅವನು ತೆತ್ತದ್ದು ಆರೋಪದ ಭಯಕ್ಕೆ. ಮಾಡದ ಅಪರಾಧಕ್ಕೆ ದಂಡ ತೆರಲು ಮಾನವಂತನೇ ಮೊದಲು ಸಿದ್ಧನಾಗುತ್ತಾನೆ.

ಕೇಳದೆ ಹೋದ ಎಚ್ಚರಿಕೆ

ಮೇಕೆಯ ಕಥೆಯನ್ನು ಪಂಚತಂತ್ರದಲ್ಲಿ ಹೇಳುವವನು ಕಾಗೆಗಳ ವೃದ್ಧ ಮಂತ್ರಿ ಸ್ಥಿರಜೀವಿ. ಹೇಳುವ ಉದ್ದೇಶ ಎಚ್ಚರಿಸುವುದಲ್ಲ. ಗೂಬೆಗಳನ್ನು ತಾನು ಹೇಗೆ ವಂಚಿಸಲಿದ್ದೇನೆಂದು ತನ್ನ ಅರಸನಿಗೆ ತಿಳಿಸುವುದು. ಅದರಂತೆ ಅವನು ಸ್ವಜನರಿಂದಲೇ ಹೊಡೆತ ತಿಂದವನಂತೆ ಮರದ ಬುಡದಲ್ಲಿ ಬಿದ್ದಿರುತ್ತಾನೆ. ಗೂಬೆಗಳ ಪಕ್ಷ ವಹಿಸಿದ್ದಕ್ಕೆ ತನಗೆ ಈ ಗತಿ ಬಂತೆನ್ನುತ್ತಾನೆ. ಗೂಬೆಗಳ ಅರಸ ಅರಿಮರ್ದನನಿಗೆ ಐವರು ಮಂತ್ರಿಗಳು. ರಕ್ತಾಕ್ಷನೊಬ್ಬನು ಇವನನ್ನು ಕೊಲ್ಲಬೇಕೆನ್ನುತ್ತಾನೆ. ಉಳಿದ ನಾಲ್ವರು ಶರಣಾಗತನನ್ನು ಕಾಯಬೇಕೆನ್ನುತ್ತಾರೆ. ಅರಸನು ಬಹುಮತವನ್ನು ಒಪ್ಪುತ್ತಾನೆ. ರಕ್ತಾಕ್ಷನು ತನ್ನವರೊಡನೆ ಆ ಗುಹೆಯನ್ನು ಬಿಟ್ಟು ಹೋಗುತ್ತಾನೆ. ಸ್ಥಿರಜೀವಿಯು ಗೂಡು ಕಟ್ಟುವ ನೆಪದಿಂದ ದಿನವೂ ಕಟ್ಟಿಗೆ ತಂದು ಗುಹೆಯ ಬಾಯಲ್ಲಿ ಒಟ್ಟುತ್ತಾನೆ. ಕೊನೆಗೆ ಕಾಗೆಗಳು ಕೊಳ್ಳಿ ತಂದು ಹಗಲುಕುರುಡಾದ ಗೂಬೆಗಳನ್ನು ಸುಡುತ್ತವೆ.

ನಾಲ್ವರು ಮಂತ್ರಿಗಳು ದುಷ್ಟರಲ್ಲ. ಶರಣಾಗತ ರಕ್ಷಣೆ ಪರಮಧರ್ಮವೆಂದು ಅವರು ಹೇಳಿದ್ದು ಸುಳ್ಳಲ್ಲ. ಅವರ ತಪ್ಪು ಕರುಣೆ ತೋರಿದುದರಲ್ಲಿಲ್ಲ. ಗಾಯವನ್ನು ಕಂಡು, ಗಾಯದ ಕಾರಣವನ್ನು ವಿಚಾರಿಸದೆ ಹೋದುದರಲ್ಲಿದೆ. ಗಾಯಾಳುವಿಗೆ ಆಶ್ರಯ ಕೊಡುವುದು ಒಂದು. ದುರ್ಗದ ಬಾಗಿಲಲ್ಲಿ ಕಟ್ಟಿಗೆ ಒಟ್ಟಲು ಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಧರ್ಮ ಸಾಕು, ಎರಡನೆಯದಕ್ಕೆ ಪರೀಕ್ಷೆ ಬೇಕು.

ಪತ್ರ, ಮುದ್ರೆ, ಸಾಕ್ಷಿ

ಕಥೆಗಳಿಂದ ಇತಿಹಾಸಕ್ಕೆ ಬಂದರೆ, ವಂಚನೆಯು ಬರಹದ ರೂಪ ತಾಳಿದುದಕ್ಕೆ ದೃಢವಾದ ಆಧಾರ ಉತ್ತರಪ್ರದೇಶದ ಮಧುಬನ್ ತಾಮ್ರಶಾಸನದಲ್ಲಿದೆ. ಹರ್ಷವರ್ಧನನ 25ನೆಯ ಆಳ್ವಿಕೆಯ ವರ್ಷದ, ಎಂದರೆ ಸುಮಾರು 631ರ ಈ ಶಾಸನದ ಪ್ರಕಾರ, ಶ್ರಾವಸ್ತೀ ಭುಕ್ತಿಯ ಸೋಮಕುಂಡಕವೆಂಬ ಗ್ರಾಮವನ್ನು ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ, ಎಂದರೆ ಖೋಟಾ ದಾನಪತ್ರದ ಬಲದಿಂದ ಅನುಭವಿಸುತ್ತಿದ್ದನು. ಅರಸನು ಆ ಪತ್ರವನ್ನು ರದ್ದುಗೊಳಿಸಿ ಗ್ರಾಮವನ್ನು ಬೇರೆ ಇಬ್ಬರಿಗೆ ದಾನ ಮಾಡಿದನು. ಒಂದು ಇಡೀ ಗ್ರಾಮವು ಖೋಟಾ ಬರಹಕ್ಕೆ ಕಂದಾಯ ತೆರುತ್ತಿತ್ತೆಂಬುದು ಕಥೆಯಲ್ಲ, ತಾಮ್ರದಲ್ಲಿ ಕೊರೆದ ಸಂಗತಿ. ತಾಮ್ರ ಮತ್ತು ರಾಜಮುದ್ರೆಗಳು ವಿಶ್ವಾಸದ ಚಿಹ್ನೆಗಳಾಗಿದ್ದುದರಿಂದಲೇ ಅವುಗಳನ್ನು ಅನುಕರಿಸುವುದು ಲಾಭದಾಯಕವಾಗಿತ್ತು. ಯಾಜ್ಞವಲ್ಕ್ಯ ಸ್ಮೃತಿಯು ರಾಜನ ದಾನಪತ್ರದಲ್ಲಿ ವಂಶ, ದಾನದ ಪ್ರಮಾಣ, ಮೇರೆ, ಕಾಲ, ಹಸ್ತಾಕ್ಷರ, ಮುದ್ರೆಗಳಿರಬೇಕೆಂದು ವಿಧಿಸುವುದಕ್ಕೂ, ಮನುಸ್ಮೃತಿಯು ರಾಜಶಾಸನವನ್ನು ಖೋಟಾ ಮಾಡಿದವನಿಗೆ ಮರಣದಂಡನೆ ಹೇಳುವುದಕ್ಕೂ ಇದೇ ಹಿನ್ನೆಲೆ.

'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯ ಗೃಹಸ್ಥನ ವ್ರತಗಳ ಅತಿಚಾರಗಳನ್ನು ಎಣಿಸುವಾಗ ಕೂಟಲೇಖ, ನ್ಯಾಸಾಪಹಾರ, ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರಗಳನ್ನು ಹೆಸರಿಸುತ್ತದೆ. ಖೋಟಾ ಬರಹ, ಇಡುಗಂಟಿನ ಅಪಹಾರ, ಕೊಡುವಾಗ ಕಿರಿದು ಕೊಳ್ಳುವಾಗ ಹಿರಿದಾದ ಅಳತೆ, ನಕಲಿ ಚಿನ್ನ ಮುಂತಾದವುಗಳ ವ್ಯಾಪಾರ ಎಂದು ಇವುಗಳ ಅರ್ಥ. ಪೂಜ್ಯಪಾದರ 'ಸರ್ವಾರ್ಥಸಿದ್ಧಿ'ಯಲ್ಲಿ ನ್ಯಾಸಾಪಹಾರಕ್ಕೆ ಕೊಟ್ಟಿರುವ ವಿವರಣೆ ಅತ್ಯಂತ ಸೂಕ್ಷ್ಮವಾದುದು. ಇಡುಗಂಟು ಇಟ್ಟವನು ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹಾಗೆಯೇ ಆಗಲಿ ಎಂದು ಒಪ್ಪಿಕೊಂಡರೂ ಅದು ಅಪಹಾರವೇ. ಇಲ್ಲಿ ಯಾರೂ ಸುಳ್ಳು ಕಥೆ ಕಟ್ಟಿಲ್ಲ, ವೇಷ ಹಾಕಿಲ್ಲ. ಇನ್ನೊಬ್ಬನ ಮರೆವಿಗೆ ಸಮ್ಮತಿ ಸೂಚಿಸಿದ್ದಷ್ಟೇ. ವಂಚನೆಯ ಮೇರೆಯನ್ನು ಇಷ್ಟು ಒಳಗೆ ಎಳೆದಿರುವುದರಿಂದ, ಹೊಣೆಯು ಮರೆತವನ ಮೇಲಲ್ಲದೆ ತಿಳಿದವನ ಮೇಲೆ ಬೀಳುತ್ತದೆ.

ತಡೆಯುವ ದಾರಿಗಳು

ಇಷ್ಟೆಲ್ಲವನ್ನೂ ಬಲ್ಲ ಈ ಗ್ರಂಥಗಳು ಯಾರನ್ನೂ ನಂಬಬೇಡವೆಂಬ ಉಪದೇಶದಲ್ಲಿ ಮುಗಿಯುವುದಿಲ್ಲ. ನಂಬಿಕೆಯಿಲ್ಲದೆ ವ್ಯಾಪಾರವಿಲ್ಲ, ಪ್ರಯಾಣವಿಲ್ಲ, ಸಂಸಾರವಿಲ್ಲ. ಅವು ತೋರಿಸುವ ದಾರಿಗಳು ಬೇರೆ.

ಮೊದಲನೆಯದು ತಿಳಿವಳಿಕೆ. 'ಕಲಾವಿಲಾಸ'ದಲ್ಲಿ ಹಿರಣ್ಯಗುಪ್ತನೆಂಬ ವರ್ತಕನು ತನ್ನ ಮಗ ಚಂದ್ರಗುಪ್ತನನ್ನು ಧೂರ್ತರ ಗುರು ಮೂಲದೇವನ ಬಳಿಗೆ ಕಳುಹಿಸುವುದು, ಮಗನು ವಂಚಕನಾಗಲೆಂದಲ್ಲ, ಬಂದ ಸಂಪತ್ತನ್ನು ವಂಚಕರಿಂದ ಉಳಿಸಿಕೊಳ್ಳಲೆಂದು. ದಂಭ, ಲೋಭಗಳಿಂದ ತೊಡಗಿ ಲೆಕ್ಕಿಗರ, ಅಕ್ಕಸಾಲಿಗರ ಕೈಚಳಕಗಳವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ, ಇವು ಅರಿಯತಕ್ಕವೇ ಹೊರತು ಆಚರಿಸತಕ್ಕವಲ್ಲವೆಂದು ಗುರುವು ಎಚ್ಚರಿಸುತ್ತಾನೆ.

ಎರಡನೆಯದು ವ್ಯವಸ್ಥೆ. ಕೊಳ್ಳುವ ಪ್ರತಿ ಮನುಷ್ಯನೂ ತಕ್ಕಡಿಯನ್ನು ಪರೀಕ್ಷಿಸಲಾರನು. ಆದುದರಿಂದ ಅರ್ಥಶಾಸ್ತ್ರವು ತೂಕ ಮತ್ತು ಅಳತೆಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕೆಂದೂ, ಮುದ್ರೆಯಿಲ್ಲದವಕ್ಕೆ ಇಪ್ಪತ್ತೇಳೂಕಾಲು ಪಣ ದಂಡವೆಂದೂ ವಿಧಿಸುತ್ತದೆ. ಮನುಸ್ಮೃತಿಯಲ್ಲಿ ಈ ಅವಧಿ ಆರು ತಿಂಗಳು. ಎಚ್ಚರಿಕೆಯ ಭಾರವನ್ನು ಗ್ರಾಹಕನೊಬ್ಬನ ಮೇಲೆ ಹೊರಿಸದಿರುವುದು ಇವುಗಳ ವಿವೇಕ.

ಮೂರನೆಯದು ವಂಚಕನು ಸಿದ್ಧಪಡಿಸಿದ ರಂಗದಿಂದ ಹೊರಗೆ ನಡೆಸುವ ಪರೀಕ್ಷೆ. ಪಂಚತಂತ್ರದ ಮಿತ್ರಭೇದದಲ್ಲಿ ಪಾಪಬುದ್ಧಿಯು ತನ್ನ ತಂದೆಯನ್ನು ಮರದ ಪೊಟರೆಯಲ್ಲಿ ಅಡಗಿಸಿ, ವನದೇವತೆಯ ವಾಣಿಯೆಂದು ಸುಳ್ಳು ಸಾಕ್ಷ್ಯ ಹೇಳಿಸುತ್ತಾನೆ. ನ್ಯಾಯಾಧಿಕಾರಿಗಳು ಬೆರಗಾಗಿ ದಂಡನೆಯನ್ನು ಯೋಚಿಸುತ್ತಿರುವಾಗ, ಧರ್ಮಬುದ್ಧಿಯು ಪೊಟರೆಗೆ ಬೆಂಕಿಯಿಡುತ್ತಾನೆ. ದೇವತೆಯು ಅರೆಬೆಂದ ಮನುಷ್ಯನಾಗಿ ಹೊರಬರುತ್ತದೆ. ವಾಣಿಯ ಅರ್ಥವನ್ನು ಚರ್ಚಿಸದೆ ಅದು ಎಲ್ಲಿಂದ ಬಂದಿತೆಂದು ನೋಡಿದ್ದೇ ಅವನ ಜಾಣ್ಮೆ. ಸಾಕ್ಷಿಯಿಲ್ಲದ ಇಡುಗಂಟಿನ ವ್ಯಾಜ್ಯದಲ್ಲಿ, ನಂಬಿಕೆಗೆ ಅರ್ಹರಂತೆ ಕಾಣುವ ಚಾರರಿಂದ ಆರೋಪಿಯ ಬಳಿ ಬೇರೊಂದು ಇಡುಗಂಟನ್ನು ಇಡಿಸಿ, ಅದನ್ನು ಹಿಂದಿರುಗಿಸುವನೇ ಎಂದು ನೋಡಬೇಕೆಂಬ ಮನುಸ್ಮೃತಿಯ ವಿಧಿಯೂ ಇದೇ ಬಗೆಯದು. ಪುರೋಹಿತನು ಪಗಡೆಯ ಮುಂದೆ ಕುಳಿತಿರುವಾಗ ಅವನ ಮನೆಗೆ ದೂತಿಯನ್ನು ಕಳುಹಿಸಿದ ರಾಮದತ್ತೆ ಮಾಡಿದ್ದೂ ಇದನ್ನೇ.

ಇಂದಿನ ವಂಚನೆಗಳಲ್ಲಿ ಸಾಧನಗಳು ಬದಲಾಗಿವೆ, ಅಂಗಗಳು ಬದಲಾಗಿಲ್ಲ. 'ಡಿಜಿಟಲ್ ಅರೆಸ್ಟ್' ಎಂಬ ಹೆಸರಿನ ಮೋಸದಲ್ಲಿ ಪೊಲೀಸ್ ಸಮವಸ್ತ್ರದವನು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ಮಾಡದ ಅಪರಾಧವನ್ನು ಆರೋಪಿಸಿ, ಯಾರಿಗೂ ಹೇಳಬಾರದು, ಕರೆಯನ್ನು ಕಡಿಯಬಾರದು ಎಂದು ಬೆದರಿಸಿ ಹಣ ಹಾಕಿಸಿಕೊಳ್ಳುತ್ತಾನೆ. ಸಮವಸ್ತ್ರವು ಸತ್ಯಘೋಷನ ಕಿರುಗತ್ತಿ. ಆರೋಪವು ಖಂಡಪಾನೆಯ ಶಿಶು. ಒಬ್ಬರಾದ ಮೇಲೊಬ್ಬರಂತೆ ಬರುವ ನಕಲಿ ಅಧಿಕಾರಿಗಳು ಮೂರು ಮರಗಳ ಕೆಳಗಿನ ಧೂರ್ತರು. ಭಾರತದ ಕಾನೂನಿನಲ್ಲಿ ವಿಡಿಯೋ ಕರೆಯ ಮೂಲಕ ಬಂಧಿಸುವ ಪದ್ಧತಿಯೇ ಇಲ್ಲ. ಕರೆಯನ್ನು ಕಡಿದು, ತಾವೇ ಹುಡುಕಿಕೊಂಡ ಸಂಖ್ಯೆಯಿಂದ ಠಾಣೆಯನ್ನು ವಿಚಾರಿಸುವುದು, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡುವುದು, ಇವು ಪೊಟರೆಯ ಬಾಯಿಗೆ ಹೋಗಿ ನೋಡುವ ಇಂದಿನ ಕ್ರಮಗಳು.

ಆದರೆ ಈ ಪರೀಕ್ಷೆಗಳಿಗೂ ಮೊದಲು ಇನ್ನೊಂದು ನಡೆಯಬೇಕು. ಸಿಂಹಪುರದಲ್ಲಿ ರತ್ನಗಳು ಮರಳಿದ್ದು ಪಗಡೆಯ ಜಾಣ್ಮೆಯಿಂದ ಎಂದು ತೋರುತ್ತದೆ. ಅದಕ್ಕೂ ಹಿಂದೆ ಒಂದು ಕೇಳುವ ಕಿವಿಯಿತ್ತು. ಮೋಸಹೋದವನು ನಾಚಿ ಸುಮ್ಮನಾಗಿದ್ದರೆ, ಅಥವಾ ಅವನ ಕೂಗನ್ನು ಎಲ್ಲರೂ ಹುಚ್ಚೆಂದೇ ತಿಳಿದಿದ್ದರೆ, ಸತ್ಯಘೋಷನ ಹೆಸರು ಕೊನೆಯವರೆಗೂ ಸತ್ಯಘೋಷನೆಂದೇ ಉಳಿಯುತ್ತಿತ್ತು. ಇನ್ನೂ ಎಷ್ಟೋ ಇಡುಗಂಟುಗಳು ಅವನ ಮನೆ ಸೇರುತ್ತಿದ್ದವು. ವಂಚಕನಿಗೆ ರಕ್ಷೆಯಾಗಿದ್ದುದು ಕಿರುಗತ್ತಿಯೊಂದೇ ಅಲ್ಲ, ಆರು ತಿಂಗಳ ಕಾಲ ಹುಣಸೆಯ ಮರದ ಕೆಳಗೆ ಹಾದುಹೋದ ಊರಿನವರ ನಗೆಯೂ ಆಗಿತ್ತು. ಆ ನಗೆಯನ್ನು ಬಿಟ್ಟು, ಹೇಳುತ್ತಿರುವ ಮಾತನ್ನು ಗಮನವಿಟ್ಟು ಆಲಿಸಿದವಳು ಆ ಊರಿನಲ್ಲಿ ರಾಮದತ್ತೆಯೊಬ್ಬಳೇ.